ನನ್ನ ಬಳಿ ಬರುತ್ತಿದ್ದವರು ಹೀಗೆ ಹೋಗಿಬಿಟ್ಟರು

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ. ನನ್ನ ಬಳಿ ಬರುತ್ತಿದ್ದ ರೈತರೊಬ್ಬರು ಕಳೆದ ತಿಂಗಳು ಆತ್ಮಹತ್ಯೆ ಮಾಡಿಕೊಂಡರು. ಹಿಂದಿನ ವಾರವಷ್ಟೇ ‘ಈಗ ಅಡ್ಡಿಯಿಲ್ರಿ ಮೇಡಂ’ ಅಂದಿದ್ದರು. ನಮ್ಮ ಮೇಲಿನವರು ಕೇಳಿದ್ದು, ‘ಫೈಲ್ ಸರಿಯಾಗಿದೆಯಾ?’ ಅಷ್ಟೇ. ನಿದ್ದೆ ಬರುತ್ತಿಲ್ಲ. ಕೆಲಸ ಬಿಟ್ಟುಬಿಡಲೇ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ಆ ನಿರ್ಧಾರ ಈಗ ಬೇಡ. 1988ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಅರ್ಧದಷ್ಟು ಮನೋವೈದ್ಯರು ತಮ್ಮ ರೋಗಿಯನ್ನು ಹೀಗೆ ಕಳೆದುಕೊಂಡಿದ್ದರು. ಯಾರು, ಯಾವ ದಿನ ಎಂದು ಮೊದಲೇ ಹೇಳುವ ಪರೀಕ್ಷೆ ಯಾರ ಬಳಿಯೂ ಇಲ್ಲ. ನಿಮಗಾಗಿರುವುದು ಸಾವಿನ ದುಃಖ. ಮನೆಯವರಷ್ಟೇ ಅಳಬೇಕು, ಚಿಕಿತ್ಸೆ ಕೊಟ್ಟವರು ಅಳಬಾರದು ಅಂತ ಎಲ್ಲೂ ಇಲ್ಲ.

ನಾನು ಬಳ್ಳಾರಿಯವನು. 1980ರ ದಶಕದಲ್ಲಿ ನಿಮ್ಹಾನ್ಸ್ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೆ ತಲುಪಿಸುವವರಿಗೇ ಪೆಟ್ಟು ಬಿದ್ದರೆ ಆತುಕೊಳ್ಳುವವರು ಯಾರು? ನಿಮ್ಮ ಪತ್ರ ಓದಿ ನನಗೆ ಸಂಕಟವಾದದ್ದು ಇದಕ್ಕೇ. ಇಂಥ ಹೊತ್ತಿನಲ್ಲಿ ಮೊದಲು ನಿಮ್ಮ ಮಾತು ಕೇಳಬೇಕು, ಫೈಲ್ ಆಮೇಲೆ.

ನೀವು ನಂಬುವ ಹಿರಿಯ ಸಹೋದ್ಯೋಗಿ ಒಬ್ಬರ ಮುಂದೆ ಕೂತು, ಆ ಕೊನೆಯ ಭೇಟಿಯನ್ನು ಪೂರ್ತಿ ಹೇಳಿಕೊಳ್ಳಿ. ಫೈಲ್‌ನ ಹಳೆಯ ಸಾಲುಗಳಿಗೆ ಕೈ ಹಚ್ಚಬೇಡಿ; ಈಗ ನೆನಪಾದದ್ದಿದ್ದರೆ ಇವತ್ತಿನ ತಾರೀಖು ಹಾಕಿ ಬೇರೆಯಾಗಿ ಬರೆಯಿರಿ. ಮೇಲಿನವರಿಗೆ ತಿಳಿಸಿ, ಆ ಮನೆಯವರು ಒಪ್ಪಿದರೆ ಹೋಗಿ ಮಾತಾಡಿಸಿ ಬನ್ನಿ. ತೀರಿಕೊಂಡವರು ನಿಮ್ಮನ್ನು ನಂಬಿ ಹೇಳಿದ್ದ ಗುಟ್ಟು ಮಾತ್ರ ಅಲ್ಲಿ ಹೊರಬೀಳಬಾರದು.

ಇನ್ನೊಂದು ಮಾತು, ಇದು ಮುಖ್ಯ. ಇಂಥ ಪೆಟ್ಟು ತಿಂದ ಮೇಲೆ, ನಿಮ್ಮ ಬಳಿ ಬರುವ ಬೇರೆಯವರನ್ನು ‘ಸಾಯಬೇಕು ಅನಿಸುತ್ತಾ?’ ಎಂದು ಕೇಳಲು ನಾಲಿಗೆ ಹಿಂಜರಿಯುತ್ತದೆ. ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಂಟಿಯಾಗಿ ಕಳಿಸದೆ ಅವತ್ತೇ ಮನೋವೈದ್ಯರಿಗೆ ತೋರಿಸಿ. ಜೀವ ತಳಮಳಿಸಿದಾಗ ಯಾರ ಪಕ್ಕ ಹೋಗಿ ಕೂರುತ್ತೀರಿ, ಯಾರಿಗೆ ಫೋನ್ ಮಾಡುತ್ತೀರಿ ಎಂದು ಕೇಳಿ, ಅವರದೇ ಮಾತಿನಲ್ಲಿ ಚೀಟಿಯಲ್ಲಿ ಬರೆದು ಅವರ ಜೇಬಿಗೆ ಹಾಕಿ. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯಾದರೆ, ಹೊಲಕ್ಕೆ ಹೊಡೆಯುವ ಎಣ್ಣೆಗೆ ಬೀಗ ಹಾಕಿ ಕೀಲಿ ಯಾರು ಇಟ್ಟುಕೊಳ್ಳಬೇಕೆಂದು ಹೆಂಡತಿ, ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ತೀರ್ಮಾನಿಸಿ. ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ಕೆಲವು ವಾರ ಹೆಚ್ಚು ಅಪಾಯದವು. ಆಗ ನೀವೇ ಫೋನ್ ಮಾಡಿ.

ನಿದ್ದೆ ಮರಳದಿದ್ದರೆ ನೀವೂ ವೈದ್ಯರಿಗೆ ತೋರಿಸಿಕೊಳ್ಳಬೇಕು. ನಡುರಾತ್ರಿ ತಾಳಲಾರದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.