ಗ್ಲೋಬ್ ಬರೀ ನಕಲೇ?

ಹೊಸಪೇಟೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳನ್ನು ನೋಡಲು ಲಂಡನ್ನಿಗೆ ಹೊರಟಿದ್ದೇನೆ. ಅಲ್ಲಿನ ಗ್ಲೋಬ್ ರಂಗಮಂದಿರ 1997ರಲ್ಲಿ ಶುರುವಾದದ್ದಂತೆ. ಅಂಥ ನಕಲನ್ನು ದುಡ್ಡು ಕೊಟ್ಟು ನೋಡಬೇಕೇ?"

ಖಂಡಿತ ನೋಡಿ. ಶೇಕ್ಸ್‌ಪಿಯರ್ ಕಾಲದ ಗ್ಲೋಬ್ ಕೂಡ ಎದ್ದದ್ದು ಹಳೆಯ ಮರದಿಂದಲೇ. ನಟ ಜೇಮ್ಸ್ ಬರ್ಬೇಜ್ 1576ರಲ್ಲಿ ಕಟ್ಟಿಸಿದ್ದ 'ದಿ ಥಿಯೇಟರ್' ಎಂಬ ರಂಗಮಂದಿರ ನಿಂತಿದ್ದ ಜಾಗದ ಗುತ್ತಿಗೆ ಮುಗಿದು, ಜಾಗದ ಮಾಲೀಕ ತಕರಾರು ತೆಗೆದ. 1598ರ ಡಿಸೆಂಬರ್ ಕೊನೆಯಲ್ಲಿ ಬರ್ಬೇಜ್‌ನ ಮಕ್ಕಳು ಬಡಗಿ ಪೀಟರ್ ಸ್ಟ್ರೀಟ್‌ನನ್ನು ಕರೆತಂದು ಕಟ್ಟಡವನ್ನೇ ಬಿಚ್ಚಿಸಿದರು. ಆ ತೊಲೆಗಳು ಥೇಮ್ಸ್ ನದಿಯಾಚೆ 1599ರಲ್ಲಿ ಗ್ಲೋಬ್ ಆದವು. 1613ರಲ್ಲಿ ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಸೂರಿಗೆ ತಗುಲಿ ಎಲ್ಲ ಬೂದಿಯಾಯಿತು. ಒಬ್ಬನ ಚಲ್ಲಣಕ್ಕೆ ಹತ್ತಿದ ಬೆಂಕಿಯನ್ನು ಬಾಟಲಿಯಲ್ಲಿದ್ದ ಬಿಯರ್ ಸುರಿದು ಆರಿಸಿದರಂತೆ. ಮರುವರ್ಷವೇ ಹೆಂಚು ಹೊದಿಸಿ ಮತ್ತೆ ಕಟ್ಟಿದರು. 1642ರಲ್ಲಿ ಪಾರ್ಲಿಮೆಂಟು ನಾಟಕಗಳನ್ನೇ ನಿಲ್ಲಿಸಿತು. ಆಮೇಲೆ ಅದನ್ನೂ ಕೆಡವಿದರು.

ಅಮೆರಿಕದ ನಟ ಸ್ಯಾಮ್ ವಾನಮೇಕರ್ 1949ರಲ್ಲಿ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಬಿಯರ್ ಕಾರ್ಖಾನೆಯ ಗೋಡೆಯ ಮೇಲಿನ ಫಲಕ ಮಾತ್ರ. 1970ರಲ್ಲಿ ಗ್ಲೋಬನ್ನು ಮತ್ತೆ ಎಬ್ಬಿಸಲು ಟ್ರಸ್ಟ್ ಕಟ್ಟಿ, ಹಣಕ್ಕಾಗಿ ವರ್ಷಗಟ್ಟಲೆ ಓಡಾಡಿದರು. ರಂಗದ ಪರದೆ ಏಳುವ ಮೊದಲೇ, 1993ರಲ್ಲಿ, ತೀರಿಕೊಂಡರು. ಆ ಹಟದ ಮುಂದೆ ನನಗೆ ತಲೆಬಾಗಬೇಕೆನಿಸುತ್ತದೆ.

ಹಳೆಯ ಗ್ಲೋಬ್‌ನ ಅಳತೆ ಸಿಗುವುದೇ ಕಷ್ಟವಾಗಿತ್ತು. 'ಫಾರ್ಚೂನ್' ಎಂಬ ಇನ್ನೊಂದು ರಂಗಮಂದಿರಕ್ಕೆ 1600ರಲ್ಲಿ ಬರೆದ ಕರಾರುಪತ್ರ ಉಳಿದಿದೆ. ಅದನ್ನು ಕಟ್ಟುವವನೂ ಅದೇ ಪೀಟರ್ ಸ್ಟ್ರೀಟ್. ಅವನಿಗೆ ಗೊತ್ತೇ ಇದ್ದುದರಿಂದ ಎಷ್ಟೋ ಕಡೆ 'ಗ್ಲೋಬ್‌ನಲ್ಲಿರುವಂತೆ' ಎಂದಷ್ಟೇ ಬರೆದು ಬಿಟ್ಟಿದ್ದಾರೆ! 1989ರಲ್ಲಿ ಹಳೆಯ ಅಡಿಪಾಯದ ಒಂದು ಮೂಲೆ ಸಿಕ್ಕಿತು. ಉಳಿದದ್ದು ಸಂರಕ್ಷಿತ ಕಟ್ಟಡದ ಕೆಳಗಿದೆ. ಹಾಗಾಗಿ ಈಗಿನ 20 ಮುಖಗಳ ಆಕಾರ ವಿದ್ವಾಂಸರು ಲೆಕ್ಕ ಹಾಕಿ ಮಾಡಿದ ಊಹೆ. ಜಾಗವೂ ಮೂಲದಿಂದ ಸುಮಾರು 230 ಮೀಟರ್ ದೂರ. ಇಲ್ಲಿ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ.

ಆದರೆ ಕೆಲಸ ನೋಡಿ: ಹಸಿ ಓಕ್ ಮರದ ತೊಲೆಗಳಲ್ಲಿ ಕಚ್ಚು ಕೊರೆದು ಒಂದಕ್ಕೊಂದು ಕೂಡಿಸಿ, ಮರದ ಗೂಟ ಬಡಿದು ನಿಲ್ಲಿಸಿದ್ದಾರೆ. ಗೋಡೆಗೆ ಮೇಕೆಯ ಕೂದಲು ಕಲಸಿದ ಸುಣ್ಣದ ಗಾರೆ. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲಿನ ಸೂರಿಗೆ ಅನುಮತಿ ಸಿಕ್ಕಿದ್ದು ಇದಕ್ಕೇ ಮೊದಲು. ಸೂರಿನ ಮೇಲೆ ನೀರು ಚಿಮ್ಮುವ ಕೊಳವೆಗಳೂ ಇವೆ.

ಬೇಸಗೆಯಲ್ಲಿ ಹೋಗಿ, ಅಂಗಳದಲ್ಲಿ ನಿಂತು ನೋಡುವ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಶೇಕ್ಸ್‌ಪಿಯರ್ ಕಾಲದಲ್ಲಿ ಅಲ್ಲಿಗೆ ಒಂದು ಪೆನ್ನಿ. ಈಗಲೂ ಅಗ್ಗದ ಟಿಕೆಟ್ಟು ಅದೇ. ಮೇಲೆ ಸೂರಿಲ್ಲ, ಕೊಡೆ ಬಿಡಿಸಲು ಬಿಡುವುದಿಲ್ಲ. ರೇನ್‌ಕೋಟ್ ಮರೆಯಬೇಡಿ.

— ಸಂ.