ಅತ್ತೆಗೆ ಲಕ್ವ ಹೊಡೆದಾಗ ಟೈಮ್ ಹೋಗಿದ್ದೆಲ್ಲಿ?

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮತ್ತೆಗೆ 62 ವರ್ಷ, ಬಿಪಿ ಇದೆ. ಹೋದ ತಿಂಗಳು ಬೆಳಗ್ಗೆ 7 ಗಂಟೆಗೆ ಟೀ ಕೊಟ್ಟೆ, ಬಲಗೈಯಿಂದ ಲೋಟ ಜಾರಿ ಬಿತ್ತು, ಮಾತೂ ತೊದಲ್ತಿತ್ತು. ಪಕ್ಕದ್ಮನೆಯೋರು ಗಾಳಿ ಸೋಕಿದೆ ಅಂದ್ರು, ನಮ್ಮನೆಯೋರು ಹೊಲದಿಂದ ಬಂದ್ಮೇಲೆ ಮಾವ ನಾಟಿ ಔಷಧಿ ಕೊಡೋರ ಹತ್ರ ಕರ್ಕೊಂಡು ಹೋದ್ರು. ದೊಡ್ಡಾಸ್ಪತ್ರೆ ಒಂದೂವರೆ ಗಂಟೆ ದಾರಿ ಅಷ್ಟೇ, ಆದ್ರೆ ಅಲ್ಲಿಗೆ ಮುಟ್ಟಿದಾಗ ರಾತ್ರಿ. ಲೇಟಾಯ್ತು, ಇಂಜೆಕ್ಷನ್ ಕೊಡಕ್ಕಾಗಲ್ಲ ಅಂದ್ರು. ಈಗ ಕೈ ಸರಿಹೋಗುತ್ತಾ?
– ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ನೋಡಿಮ್ಮ, 7 ಗಂಟೆಗೇ ಹೊರಟಿದ್ರೆ ಒಂಬತ್ತರೊಳಗೆ ಆಸ್ಪತ್ರೇಲಿರ್ತಿದ್ರಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ರೆ ಅದನ್ನ ಕರಗಿಸೋ ಇಂಜೆಕ್ಷನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳ್ಬೇಕು, ಅದೂ ಸಿಟಿ ಸ್ಕ್ಯಾನ್ ಮಾಡಿ ಒಳಗೆ ರಕ್ತಸ್ರಾವ ಆಗಿಲ್ಲ ಅಂತ ನೋಡ್ಕೊಂಡ್ಮೇಲೆ. ನಿಮ್ಮ ಟೈಮೆಲ್ಲ ಪಡಸಾಲೇಲೇ ಹೋಯ್ತು. ಲೋಟ ಬಿದ್ದಿದ್ದನ್ನ ನೋಡಿದ್ದು ನೀವು, ಆದ್ರೆ ಗಾಡಿ ತರಿಸಿ ಅನ್ನೋಕೆ ಗಂಡಸರು ಬರ್ಬೇಕು, ದುಡ್ಡು ಹೊಂದಿಸ್ಬೇಕು, ಹಿರೀಕರು ಹೂಂ ಅನ್ಬೇಕು, ಜೊತೆಗೆ ಮಲಗಿರೋದು ಹೆಂಗಸಾದ್ರೆ ಸ್ವಲ್ಪ ರೆಸ್ಟ್ ತಗೊಳ್ಳಿ ಸರಿಹೋಗುತ್ತೆ ಅನ್ನೋದು ಬೇರೆ. ಲಕ್ವದಲ್ಲಿ ಸಾಮಾನ್ಯವಾಗಿ ನೋವಿರಲ್ಲ ನೋಡಿ, ಎದೆನೋವಿಗೆ ಹೆದರಿದಂಗೆ ಇದಕ್ಕೆ ಯಾರೂ ಹೆದರಲ್ಲ.

ನಾಟಿ ಔಷಧೀಲಿ ಎಷ್ಟೋ ಜನಕ್ಕೆ ವಾಸಿಯಾಗಿದೆಯಲ್ಲ ಅಂತ ಮಾವ ಖಂಡಿತ ಕೇಳ್ತಾರೆ. ಮುಖದ ನರಕ್ಕೆ ಬರೋ ಬೆಲ್ಸ್ ಪಾಲ್ಸಿ ಅಂತ ಒಂದಿದೆ, ಅದನ್ನೂ ಜನ ಲಕ್ವ ಅಂದ್ಕೋತಾರೆ, ಬಾಯಿ ಸೊಟ್ಟಗಾಗುತ್ತೆ, ಆ ಕಡೆ ಕಣ್ಣು ಮುಚ್ಚಕ್ಕಾಗಲ್ಲ, ಕೈಕಾಲಿಗೆ ಏನೂ ಆಗಿರಲ್ಲ, ಅದು ಬಹಳಷ್ಟು ಜನರಲ್ಲಿ ವಾರಗಟ್ಟಲೆ ಆದ್ಮೇಲೆ ತಾನಾಗೇ ಹೋಗುತ್ತೆ. ವಾಸಿ ಮಾಡಿದ ಹೆಸರು ಮಾತ್ರ ನಾಟಿ ಔಷಧಿ ಅಂತ ಪಾರಿವಾಳದ ರಕ್ತ ಹಚ್ಚಿದೋರಿಗೆ! ಆದ್ರೆ ಯಾವುದು ಲಕ್ವ, ಯಾವುದು ಬೆಲ್ಸ್ ಪಾಲ್ಸಿ ಅಂತ ಮನೇಲಿ ಕೂತು ತೀರ್ಮಾನ ಮಾಡೋಕೆ ಹೋಗ್ಬೇಡಿ.

ಒಂದ್ಸಲ ಆದೋರಿಗೆ ಮತ್ತೆ ಆಗೋ ಚಾನ್ಸ್ ಜಾಸ್ತಿ. ಸಿಟಿ ಸ್ಕ್ಯಾನ್ ಇರೋ ಹತ್ತಿರದ ಆಸ್ಪತ್ರೆ ಯಾವ್ದು ಅಂತ ಇವತ್ತೇ ವಿಚಾರಿಸಿಟ್ಕೊಳಿ. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು, ಯಾವ್ದು ಕಂಡ್ರೂ 108ಕ್ಕೆ ನೀವೇ ಫೋನ್ ಮಾಡಿ, ಅದಕ್ಕೆ ದುಡ್ಡೂ ಇಲ್ಲ, ಯಾರ ಪರ್ಮಿಷನ್ನೂ ಬೇಡ. ಕೊನೇ ಸಲ ಚೆನ್ನಾಗಿದ್ದಿದ್ದು ಎಷ್ಟೊತ್ತಿಗೆ ಅಂತ ಡಾಕ್ಟರಿಗೆ ಹೇಳಿ. ನೀರು, ಮಾತ್ರೆ ಏನೂ ಬಾಯಿಗೆ ಹಾಕ್ಬೇಡಿ, ನುಂಗಕ್ಕಾಗ್ದೆ ಶ್ವಾಸಕೋಶಕ್ಕೆ ಹೋಗ್ಬಿಡುತ್ತೆ.

ಕೈ ವಿಷಯ: ಪೂರ್ತಿ ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲ, ಆದ್ರೆ ಮೊದಲ ಮೂರು ತಿಂಗಳಲ್ಲೇ ಹೆಚ್ಚು ಸುಧಾರಣೆ ಕಾಣೋದು, ಹಾಗಾಗಿ ಫಿಸಿಯೋಥೆರಪಿ ಈ ವಾರವೇ ಶುರು ಮಾಡ್ಸಿ. ನಾಟಿಯೋರು ಪಥ್ಯ ಅಂತ ಬಿಪಿ ಮಾತ್ರೆ ಬಿಡಿಸಿದ್ರೆ ನಾಳೆನೇ ಡಾಕ್ಟರಿಗೆ ತೋರ್ಸಿ.