ಮೊದಲು ಪೀಚೆಕತ್ತಿ, ಆಮೇಲೆ ರಾಜೀನಾಮೆ

ವಿರಾಜಪೇಟೆ ಕಡೆಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಕೊಡವ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳ ಹಳೆಯ ಫೋಟೊ, ಹಾಡು, ಸಾಮಾನು ಕಾಪಾಡುವ ಸಣ್ಣ ಟ್ರಸ್ಟಿಗೆ ಇವರು ಅಧ್ಯಕ್ಷೆಯಾಗಿ ಒಂದು ವರ್ಷವಾಯಿತು. ಹಿಂದಿನ ಅಧ್ಯಕ್ಷರು ಸಂಬಂಧದಲ್ಲಿ ದೊಡ್ಡಪ್ಪ. ಸಭೆ ಸಭೆಗೂ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎನ್ನುತ್ತಾರಂತೆ. ವಾರ್ಷಿಕೋತ್ಸವಕ್ಕೆ ಅರ್ಧ ಕುರ್ಚಿ ಖಾಲಿ. ಮಹಾಸಭೆಯಲ್ಲಿ ವರ್ಷದ ಹಿನ್ನೋಟ ಓದಬೇಕು, ಬರೆಯಲು ಕೂತರೆ ಅಳು ಬರುತ್ತದೆ, ವರದಿಯ ಬದಲು ರಾಜೀನಾಮೆಯನ್ನೇ ಓದಿಬಿಡಲೇ ಎಂದು ಕೇಳಿದ್ದಾರೆ.

ದೊಡ್ಡಪ್ಪನಿಗೇ ಮೂರು ಪುಟ ಹೋಗಿದೆ. ಕೊನೆಯ ಪುಟದಲ್ಲಿ ಒಂದೇ ಸಾಲು: ಹನ್ನೊಂದು ಮನೆಯ ಸಾಮಾನು ನಿಮ್ಮ ಮಲಗುವ ಕೋಣೆಯ ಬೀರುವಿನಲ್ಲಿದೆ, ಒಂದು ಮನೆಯ ಅಜ್ಜಿ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ವಾಪಸ್ ಕೇಳುತ್ತಿದ್ದಾರೆ, ಅದು ದಾನ ಕೊಟ್ಟದ್ದು ಎಂದು ಕಾರ್ಯದರ್ಶಿ ಹೇಳುತ್ತಾರೆ, "ಇರಲಿ". ಇರಲಿ ಎಂದು ಬಿಡುವ ಮಾತೇ ಇದು? ನಿಮ್ಮ ನಿದ್ದೆ ಕೆಟ್ಟಿರುವುದು ಇದರಿಂದ, ಖಾಲಿ ಕುರ್ಚಿಯಿಂದಲ್ಲ.

ದೊಡ್ಡಪ್ಪ ಮಾತಾಡುವ ಮನುಷ್ಯ, ಮಾತಾಡಲಿ. ನಿಮ್ಮನ್ನು ಗುಂಡಿಗೆ ಇಳಿಸಿದವರು ಕಾರ್ಯದರ್ಶಿ. ಮನೆ ಮನೆಯಿಂದ ಚೀಲದಲ್ಲಿ ಸಾಮಾನು ತಂದು, ಒಂದು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತೆಂದುಕೊಂಡರು. ವಾಟ್ಸಾಪ್ ದಾಖಲೆಯಲ್ಲ, ಈ ಅಂಕಣದಲ್ಲಿ ಇದನ್ನು ಎಷ್ಟನೇ ಸಲ ಬರೆಯುತ್ತಿರುವುದೋ!

ಅಜ್ಜಿ ಕೇಳುತ್ತಿರುವುದರಲ್ಲಿ ತಪ್ಪೇನಿದೆ? ಕೈಲ್ ಪೊಳ್ದ್ ದಿನ ಕೋವಿ ಕತ್ತಿಗಳನ್ನು ದೀಪದ ಮುಂದಿಟ್ಟು, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಮನೆಯಲ್ಲಿ ಮದುವೆಯಾದರೆ ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ನಡುಪಟ್ಟಿ ಕಟ್ಟಿ ಮದುಮಗ ಸಿಕ್ಕಿಸಿಕೊಳ್ಳುವುದೂ ಇದೇ ಕತ್ತಿಯನ್ನು. ಇನ್ನೂ ಕೆಲಸವಿರುವ ವಸ್ತು ಅದು. ಇನ್ನೊಂದು ಮಾತು, ಅದು ನಿಮಗೂ ಗೊತ್ತು: ಐನ್‌ಮನೆಯ ಸಾಮಾನು ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಕಿರಿಯರೊಬ್ಬರು ಜಗಲಿಯಲ್ಲಿ ನಿಂತು ಕೊಟ್ಟರೆ ಒಕ್ಕ ಕೊಟ್ಟಂತಾಗುವುದಿಲ್ಲ. ಒಕ್ಕದ ಯಜಮಾನರಾದ ಪಟ್ಟೆದಾರರ ಸಹಿ ಇದೆಯೇ? ನಿಮ್ಮ ಪತ್ರದ ಪ್ರಕಾರ ಯಾರ ಸಹಿಯೂ ಇಲ್ಲ.

ದಾನವಾದರೆ ವಸ್ತು ಟ್ರಸ್ಟಿನ ಆಸ್ತಿ. ಅಧ್ಯಕ್ಷೆ ಮನಸ್ಸು ಕರಗಿ ವಾಪಸ್ ಕೊಡುವಂತಿಲ್ಲ. ಎರವಲಾದರೆ ಮನೆಯವರದೇ; ಕೇಳಿದಾಗ ಕೊಡಬೇಕು. ಕಾಗದವಿಲ್ಲದ್ದನ್ನೆಲ್ಲ ಎರವಲು ಎಂದೇ ಹಿಡಿಯಿರಿ. "ಶಾಶ್ವತ ಎರವಲು" ಎಂಬ ಪದವನ್ನು ಮಾತ್ರ ಯಾರು ಹೇಳಿದರೂ ಬರೆಯಬೇಡಿ, ಮುಂದಿನ ಜಗಳಗಳೆಲ್ಲ ಅದರೊಳಗೇ ಕೂತಿರುತ್ತವೆ.

ಗಟ್ಟಿ ರಟ್ಟಿನ ಪುಸ್ತಕ ಕೊಂಡು ಎಲ್ಲ ಪುಟಗಳಿಗೂ ಮೊದಲೇ ಸಂಖ್ಯೆ ಹಾಕಿ. ಶಾಯಿಯಲ್ಲಿ ಬರೆಯಿರಿ, ತಪ್ಪಾದರೆ ವೈಟ್ನರ್ ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಪ್ರತಿ ವಸ್ತುವಿಗೂ ಮೂರು ಭಾಗದ ಸಂಖ್ಯೆ: 2025.4.2 ಅಂದರೆ 2025ರಲ್ಲಿ ನಾಲ್ಕನೆಯದಾಗಿ ಕೊಟ್ಟ ಮನೆಯ ಎರಡನೇ ವಸ್ತು. ಅದನ್ನು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಹತ್ತಿಯ ದಾರದಲ್ಲಿ ಕಟ್ಟಬೇಕು. ರಬ್ಬರ್ ಬ್ಯಾಂಡ್ ಹಾಕಿದರೆ ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಅಳತೆ ಸೆಂಟಿಮೀಟರಿನಲ್ಲಿ, ಬೆಳ್ಳಿಯಾದರೆ ತೂಕವೂ. ಈಗಿರುವ ಊನವನ್ನು ಮುಚ್ಚಿಡದೆ ಬರೆಯಿರಿ: "ಹಿಡಿ ಸಡಿಲ, ಒರೆಯ ತುದಿಯ ಬೆಳ್ಳಿ ಕಳಚಿದೆ". ಇದನ್ನು ಬರೆಯದಿದ್ದರೆ ವಾಪಸ್ ಕೊಡುವ ದಿನ ಅದು ನೀವೇ ಮುರಿದದ್ದಾಗುತ್ತದೆ. ಸ್ಕೇಲ್ ಪಕ್ಕಕ್ಕಿಟ್ಟು ಎರಡು ಫೋಟೊ. ರಶೀದಿ ಎರಡು ಪ್ರತಿ, ಎರಡರಲ್ಲೂ ಪಟ್ಟೆದಾರರ ಮತ್ತು ನಿಮ್ಮ ಸಹಿ. ಎಷ್ಟು ವರ್ಷದ ಎರವಲು, ಎಷ್ಟು ದಿನ ಮುಂಚೆ ತಿಳಿಸಿದರೆ ವಾಪಸ್, ಹಬ್ಬಕ್ಕೂ ಮದುವೆಗೂ ಮನೆಗೆ ಹೋಗಬೇಕೇ ಎಂಬುದೆಲ್ಲ ಅದರಲ್ಲೇ ಇರಲಿ.

ಬೀರುವನ್ನು ಹೊರಗೋಡೆಗೆ ಒತ್ತಿಟ್ಟಿದ್ದರೆ ಇವತ್ತೇ ಅರ್ಧ ಅಡಿ ಈಚೆ ಎಳೆಯಿರಿ. ಜುಲೈ-ಆಗಸ್ಟಿನ ಕಕ್ಕಡದ ಮಳೆಗೆ ಗೋಡೆ ಬೆವರುತ್ತದೆ. ಕತ್ತಿಯನ್ನು ಒರೆಯೊಳಗೇ ಬಿಡಬೇಡಿ, ಒರೆ ತೇವ ಹಿಡಿದುಕೊಂಡು ಅಲಗು ತುಕ್ಕಾಗುತ್ತದೆ. ಅಲಗಿಗೆ ಬರಿ ಬೆರಳು ತಾಗಿಸದೆ, ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ. ತೆಂಗಿನೆಣ್ಣೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಬೆಳ್ಳಿಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ಮಿಂಚಿಸುವ ಉತ್ಸಾಹವೂ ಬೇಡ, ಕೆತ್ತನೆ ಸವೆಯುತ್ತದೆ. ಫೋಟೊಗಳಿಗೆ ಲ್ಯಾಮಿನೇಷನ್ ಎಂದರೆ ಸಾವು.

ಬೀರುವಿನಲ್ಲಿ ಕೋವಿ ಇದ್ದರೆ ಅದು ಬೇರೆಯೇ ಮಾತು. ಆಯುಧ ಕಾಯ್ದೆಯ ಪರವಾನಗಿ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಟ್ರಸ್ಟ್ ಇವೆರಡರಲ್ಲಿ ಯಾವುದೂ ಅಲ್ಲ. ಕೋವಿಯನ್ನು ಮನೆಯವರೇ ಬಂದು ಒಯ್ಯಲಿ.

ಲೆಕ್ಕಪತ್ರ ಸರಿಯಿದೆ ಎಂದಿದ್ದೀರಿ, ಸಂತೋಷ. 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗದು ಎಂಬುದು ಖಜಾಂಚಿಗೆ ನೆನಪಿದ್ದರೆ ಸಾಕು. ಶಾಲು, ಹಾರ, ಸ್ಮರಣಿಕೆಗೆ ಎಷ್ಟು ಹೋಯಿತೆಂದು ನಾನು ಕೇಳುವುದಿಲ್ಲ. ಆ ದುಡ್ಡಿನಲ್ಲಿ ಬೀರುವಿನ ತೇವ ಹೀರುವ ಸಿಲಿಕಾ ಜೆಲ್ ಎಷ್ಟು ಬರುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ.

ರಾಜೀನಾಮೆ ಈಗ ಕೊಡುವಂತಿಲ್ಲ. ಕೊಟ್ಟ ಮರುದಿನ ಹನ್ನೊಂದು ಮನೆಯ ಸಾಮಾನು ಯಾವ ಅಧಿಕಾರವೂ ಇಲ್ಲದ ಒಬ್ಬಾಕೆಯ ಕೋಣೆಯಲ್ಲಿರುತ್ತದೆ, ಆಗ ದೊಡ್ಡಪ್ಪ ಏನೆನ್ನುತ್ತಾರೋ ನೋಡಿಕೊಳ್ಳಿ. ಪುಸ್ತಕ ತುಂಬಿಸಿ, ಹನ್ನೊಂದು ಮನೆಗೂ ನೀವೇ ಹೋಗಿ ಸಹಿ ತನ್ನಿ; ಚೀಲ ಹೊರಲು ಕಾರ್ಯದರ್ಶಿಯನ್ನು ಕರೆದುಕೊಂಡು ಹೋಗಿ. ಆ ಪಟ್ಟಿಯನ್ನೇ ಮಹಾಸಭೆಯಲ್ಲಿ ಓದಿ, ವರ್ಷದ ವರದಿ ಅದೇ.

ಮೊದಲು ಹೋಗಬೇಕಾದದ್ದು ಅಜ್ಜಿಯ ಮನೆಗೆ, ಕೈಲ್ ಪೊಳ್ದ್‌ಗೆ ಒಂದು ವಾರ ಇರುವಾಗಲೇ. ಅಲಗನ್ನು ಒರೆಸಿ, ಅವರೆದುರೇ ಒರೆಗೆ ಹಾಕಿ, ಎರಡೂ ಕೈಯಲ್ಲಿ ಕೊಡಿ.